ಕೆರೆಯ ಹೂಳು, ಬೇಸಿಗೆಯ ಬಿಸಿಲು: ಸಲಿಕೆ ಹಿಡಿದವರ ಆರೋಗ್ಯ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ವೈದ್ಯರು ಜನರಿಗೆ ಒಂದು ಎಚ್ಚರಿಕೆ ಕೊಡುತ್ತಾರೆ. ರಾತ್ರಿಯೆಲ್ಲ ಸುರಿದ ಹಿಮವನ್ನು ಬೆಳಿಗ್ಗೆ ಎದ್ದು ಸಲಿಕೆಯಿಂದ ತೆಗೆಯುವಾಗ ಆತುರಪಡಬೇಡಿ, ಸಲಿಕೆಯನ್ನು ತುಂಬ ತುಂಬಬೇಡಿ, ಒಬ್ಬರೇ ದುಡಿಯಬೇಡಿ, ನಡುನಡುವೆ ಒಳಗೆ ಹೋಗಿ ಮೈ ಬೆಚ್ಚಗೆ ಮಾಡಿಕೊಳ್ಳಿ ಎಂದು ಹೇಳುತ್ತಾರೆ. ಅಲ್ಲಿ ಪ್ರತಿ ವರ್ಷ ಹಿಮ ತೆಗೆಯುವಾಗ ಎದೆ ಹಿಡಿದು ಕುಸಿದು ಬೀಳುವವರು ಇರುತ್ತಾರೆ. ಹಿಮ ತೆಗೆಯುವ ಕೂಲಿಗಾರರಿಗೆ ಇಂತಿಷ್ಟು ವಿರಾಮ, ಇಂತಹ ಉಡುಪು ಎಂಬ ಸಲಹೆಗಳೂ ಇವೆ.

ಹೊಸದುರ್ಗದಲ್ಲಿ ಹಿಮ ಬೀಳುವುದಿಲ್ಲ. ಆದರೆ ಇಲ್ಲಿಯೂ ವರ್ಷಕ್ಕೊಮ್ಮೆ ನೂರಾರು ಜನ ಒಟ್ಟಿಗೆ ಸಲಿಕೆ, ಗುದ್ದಲಿ ಹಿಡಿದು ಬಯಲಿಗಿಳಿಯುವ ಕಾಲವೊಂದಿದೆ. ಅದು ಕೆರೆಯ ಹೂಳು ತೆಗೆಯುವ ಕಾಲ. ಮಾಡದಕೆರೆ, ಹೆಗ್ಗೆರೆ, ಗುಡ್ಡದನೇರಲಕೆರೆ ಎಂದು ಊರಿನ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ತಾಲ್ಲೂಕು ಇದು. ಮಳೆ ಕಡಿಮೆ, ಬಂದ ಮಳೆಯನ್ನು ಹಿಡಿದಿಡಲು ಕೆರೆಯೇ ಗತಿ. ಕೆರೆಯಲ್ಲಿ ನೀರಿದ್ದರೆ ಹೂಳು ತೆಗೆಯಲಾಗದು. ಆದ್ದರಿಂದ ನೀರು ಆರಿ, ಅಂಗಳ ಬಿರುಕು ಬಿಟ್ಟು, ಬಿಸಿಲು ಅತ್ಯಂತ ಪ್ರಖರವಾಗಿರುವ ಏಪ್ರಿಲ್ ಮತ್ತು ಮೇ ತಿಂಗಳಲ್ಲಿಯೇ ಈ ಕೆಲಸ ನಡೆಯಬೇಕು. ಹೊಲದಲ್ಲಿ ಬೇರೆ ದುಡಿಮೆ ಇಲ್ಲದಿರುವುದೂ ಆ ತಿಂಗಳುಗಳಲ್ಲಿಯೇ.

ಹಿಮ ತೆಗೆಯುವವನಿಗೆ ಚಳಿ ಶತ್ರುವಾದರೆ ಹೂಳು ತೆಗೆಯುವವನಿಗೆ ಬಿಸಿಲು ಶತ್ರು. ಚಳಿಯಲ್ಲಿ ದುಡಿಯುವವನ ಬಗ್ಗೆ ಇಷ್ಟೊಂದು ಎಚ್ಚರಿಕೆ ಇರುವಾಗ ಬಿಸಿಲಿನಲ್ಲಿ ದುಡಿಯುವವರ ಬಗ್ಗೆ ನಾವು ಹೇಳುವುದು ಒಂದೇ ಮಾತು: "ನಮ್ಮ ಕಡೆಯವರಿಗೆ ಬಿಸಿಲು ಅಭ್ಯಾಸ." ಈ ಮಾತು ಅರ್ಧ ನಿಜ. ಉಳಿದರ್ಧವನ್ನು ತಿಳಿಯದೆ ಇರುವುದರಿಂದಲೇ ಉಳಿಸಬಹುದಾದ ಜೀವಗಳು ಹೋಗುತ್ತವೆ.

ಮೈಯ ಬಿಸಿಯ ಲೆಕ್ಕ

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್. ಚಳಿಯಿರಲಿ, ಸೆಕೆಯಿರಲಿ, ದೇಹ ಈ ಮಟ್ಟವನ್ನು ಕಾಪಾಡಿಕೊಳ್ಳಲು ಯತ್ನಿಸುತ್ತದೆ. ನಾವು ಕೆಲಸ ಮಾಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸವಾಗುತ್ತದೆ. ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಒಳಗೇ ಹುಟ್ಟುತ್ತದೆ. ಹೀಗಾಗಿ ಸಲಿಕೆ ಹಿಡಿದವನಿಗೆ ಬಿಸಿ ಎರಡು ಕಡೆಯಿಂದ. ಒಂದು ಮೇಲಿನ ಸೂರ್ಯನದು, ಇನ್ನೊಂದು ತನ್ನದೇ ರಟ್ಟೆಯದು. ನೆರಳಿನಲ್ಲಿ ಕುಳಿತವನಿಗೆ ತಡೆಯಬಹುದಾದ ಬಿಸಿಲು ದುಡಿಯುವವನಿಗೆ ತಡೆಯಲಾಗದೆ ಹೋಗುವುದು ಇದರಿಂದಲೇ.

ಈ ಬಿಸಿ ಹೊರಗೆ ಹೋಗಬೇಕು. ಸುತ್ತಲಿನ ಗಾಳಿ ತಂಪಾಗಿದ್ದರೆ ಚರ್ಮದಿಂದ ಬಿಸಿ ತಾನಾಗಿ ಗಾಳಿಗೆ ಹೋಗುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿಯೇ ಅದಕ್ಕಿಂತ ಬಿಸಿಯಾದಾಗ ಆ ದಾರಿ ಮುಚ್ಚುತ್ತದೆ. ಗಾಳಿಯ ಬಿಸಿಯೇ ಮೈಗೆ ಏರುತ್ತದೆ. ಆಗ ಉಳಿಯುವುದು ಒಂದೇ ಉಪಾಯ, ಬೆವರು. ಒಂದು ಲೀಟರ್ ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಬಚ್ಚಲ ಒಲೆಯ ಮೇಲೆ ಏಳು ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವುದಕ್ಕಿಂತಲೂ ಹೆಚ್ಚಿನ ಶಾಖ ಇದು.

ಆದರೆ ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ನೀರು ನಷ್ಟವೇ ಹೊರತು ಮೈಗೆ ತಂಪಿಲ್ಲ. ಅಶ್ವಿನಿ, ಭರಣಿ ಮಳೆಯ ಮುನ್ನ ಮೋಡ ಕಟ್ಟಿ, ಗಾಳಿ ನಿಂತು, ಧಗೆ ಏರುವ ದಿನಗಳು ಇದಕ್ಕಾಗಿಯೇ ಹೆಚ್ಚು ಅಪಾಯಕರ. ಅಂದು ಬಿಸಿಲು ಕಡಿಮೆ ಎಂದು ತೋರಬಹುದು. ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಕೆರೆಯಂಗಳವೋ ಏರಿ, ದಿಬ್ಬಗಳಿಂದ ಸುತ್ತುವರಿದ ತಗ್ಗು. ಅಲ್ಲಿ ಗಾಳಿಯೂ ಆಡುವುದಿಲ್ಲ.

ಬಾಯಾರಿಕೆಗೆ ಕಾಯಬೇಡಿ

ಬಿಸಿಲಿನಲ್ಲಿ ಗಟ್ಟಿ ಕೆಲಸ ಮಾಡುವವರು ಗಂಟೆಗೆ ಒಂದು ಲೀಟರ್‌ವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೆವರುತ್ತಾರೆ. ಬಾಯಾರಿಕೆ ಒಳ್ಳೆಯ ಗಡಿಯಾರವಲ್ಲ. ಬಾಯಿ ಒಣಗಿತು ಎಂದು ತಿಳಿಯುವ ಹೊತ್ತಿಗೆ ದೇಹ ಸಾಕಷ್ಟು ನೀರನ್ನು ಕಳೆದುಕೊಂಡಿರುತ್ತದೆ. ಆದ್ದರಿಂದ ಬಾಯಾರಿಕೆ ಇರಲಿ, ಇಲ್ಲದಿರಲಿ, 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಎರಡು ಗಂಟೆ ಏನೂ ಕುಡಿಯದೆ ದುಡಿದು, ಆಮೇಲೆ ಒಂದೇ ಬಾರಿಗೆ ಚೊಂಬುಗಟ್ಟಲೆ ಸುರಿದುಕೊಳ್ಳುವುದು ಸರಿಯಲ್ಲ. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯುವುದೂ ಒಳ್ಳೆಯದಲ್ಲ. ರಕ್ತದಲ್ಲಿನ ಉಪ್ಪಿನಂಶ ಅಪಾಯಕರವಾಗಿ ತೆಳುವಾಗುತ್ತದೆ.

ಬೆವರಿನೊಡನೆ ಉಪ್ಪೂ ಹೋಗುತ್ತದೆ. ಅದನ್ನು ಊಟ, ತಿಂಡಿಯಿಂದ ತುಂಬಿಕೊಳ್ಳುವುದು ಉತ್ತಮ. ಬೆಳಿಗ್ಗೆ ಬರಿ ಟೀ ಕುಡಿದು ಕೆಲಸಕ್ಕೆ ಹೋಗುವ ಅಭ್ಯಾಸ ಕೆಟ್ಟದ್ದು. ಮಜ್ಜಿಗೆ ಬೆರೆಸಿ ಉಪ್ಪು ಹಾಕಿದ ರಾಗಿ ಅಂಬಲಿ, ನೀರು ಮಜ್ಜಿಗೆ, ಉಪ್ಪು ಬೆರೆಸಿದ ನಿಂಬೆಯ ಪಾನಕ ಇವೆಲ್ಲ ಒಳ್ಳೆಯವು. ನಮ್ಮದು ತೆಂಗಿನ ಸೀಮೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪಿರುವ ತಿಂಡಿಯೂ ಇರಲಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ಉಪ್ಪಿನ ಮಾತ್ರೆ ನುಂಗುವುದು ಬೇಡ.

ತುಂಬ ಬೆವರಿ ಸುಸ್ತಾದವರಿಗೆ ಓಆರ್‌ಎಸ್ ಕೊಡಬಹುದು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಮನೆಯಲ್ಲೇ ಮಾಡಿಕೊಳ್ಳಬಹುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥದೇ ಉಪ್ಪು, ಸಕ್ಕರೆಯ ನೀರಿನಿಂದ ಸಾವಿರಾರು ಜನರ ಜೀವ ಉಳಿಸಿದರು. ಕಳೆದುಹೋದ ನೀರು ಮತ್ತು ಉಪ್ಪನ್ನು ತುಂಬಿಕೊಡುವ ಆ ಸರಳ ಉಪಾಯವೇ ಇಲ್ಲಿಯೂ ನೆರವಾಗುತ್ತದೆ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಹೂಳೆತ್ತುವ ಕೆಲಸಕ್ಕೆ ಬರುವವರಲ್ಲಿ ಹೆಂಗಸರು ಬಹಳ. ಬಯಲು ಕೆರೆಯಂಗಳದಲ್ಲಿ ಮೂತ್ರಕ್ಕೆ ಹೋಗಲು ಮರೆ ಇಲ್ಲವೆಂದು ಅನೇಕರು ಬೆಳಗಿನಿಂದ ನೀರನ್ನೇ ಮುಟ್ಟುವುದಿಲ್ಲ. ಇದರಿಂದ ಉರಿಮೂತ್ರ, ಮೂತ್ರದ ಸೋಂಕು ಬರುವುದಲ್ಲದೆ ಬಿಸಿಲಿನ ಹೊಡೆತಕ್ಕೂ ದಾರಿಯಾಗುತ್ತದೆ. ನಾಲ್ಕು ಗಳ ನೆಟ್ಟು, ತೆಂಗಿನ ಗರಿ ಅಥವಾ ಹಳೆಯ ಸೀರೆ ಕಟ್ಟಿ ಒಂದು ಮರೆ ಮಾಡಿದರೆ ಎಷ್ಟೋ ಹೆಂಗಸರು ಧೈರ್ಯವಾಗಿ ನೀರು ಕುಡಿಯುತ್ತಾರೆ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ದಿನವೂ ನೀರು ಸಾಲದೆ ದುಡಿದರೆ ಹಾನಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಕೂಲಿಗಾರರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಏನೂ ಇಲ್ಲದ ತರುಣರ ಮೂತ್ರಪಿಂಡಗಳು ಕೆಡುತ್ತಿದ್ದುದನ್ನು ವೈದ್ಯರು ಗಮನಿಸಿದರು. ಬಿಸಿಲಿನ ದುಡಿಮೆ ಅದಕ್ಕೆ ಒಂದು ಮುಖ್ಯ ಕಾರಣವೆಂದು ಕಂಡುಬಂದಿತು. ನೀರು, ನೆರಳು, ವಿರಾಮ ಈ ಮೂರನ್ನು ಕಟ್ಟುನಿಟ್ಟಾಗಿ ಒದಗಿಸಿದ ಕಡೆ ಮೂತ್ರಪಿಂಡದ ಹಾನಿ ಇಳಿಯಿತು. ಮೂತ್ರದ ಬಣ್ಣವನ್ನು ನೀವೇ ನೋಡಿಕೊಳ್ಳಬಹುದು. ತಿಳಿ ಹಳದಿಯಾಗಿದ್ದರೆ ನೀರು ಸಾಕು. ಗಾಢ ಹಳದಿಯಾಗಿ, ಕಡಿಮೆಯಾಗಿ ಹೋಗುತ್ತಿದ್ದರೆ ಸಾಲದು. ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಕೆಲಸ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಮೊದಲ ವಾರವೇ ಗಂಡಾಂತರ

"ಬಿಸಿಲು ಅಭ್ಯಾಸ" ಎಂಬ ಮಾತಿನಲ್ಲಿರುವ ನಿಜ ಇದು: ಬಿಸಿಲಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ದುಡಿದರೆ ಒಂದೆರಡು ವಾರದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹತೋಟಿಗೆ ಬರುತ್ತದೆ. ಆದರೆ ಈ ಅಭ್ಯಾಸ ಶಾಶ್ವತವಲ್ಲ. ಒಂದು ವಾರ ಕೆಲಸ ಬಿಟ್ಟರೆ ಕರಗತೊಡಗುತ್ತದೆ. ಹೋದ ವರ್ಷದ ಅಭ್ಯಾಸ ಈ ವರ್ಷಕ್ಕೆ ಬಾರದು.

ಬೇರೆ ದೇಶಗಳಲ್ಲಿ ಬಿಸಿಲಿನಿಂದ ಸತ್ತ ಕೂಲಿಗಾರರ ವಿಚಾರಣೆ ನಡೆಸಿದಾಗ, ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರಿದ ಮೊದಲ ಕೆಲವೇ ದಿನಗಳಲ್ಲಿ ಸತ್ತಿದ್ದು ಕಂಡುಬಂದಿದೆ. ಆದ್ದರಿಂದ ಅಲ್ಲಿ ಒಂದು ನಿಯಮವನ್ನು ಸೂಚಿಸುತ್ತಾರೆ. ಹೊಸಬರು ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಪಾಲು ಮಾತ್ರ ಬಿಸಿಲಿನಲ್ಲಿ ಮಾಡಬೇಕು. ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಐದನೆಯ ದಿನಕ್ಕೆ ಪೂರ್ಣ ಕೆಲಸಕ್ಕೆ ಬರಬೇಕು. ಹಳಬರು ರಜೆ ಮುಗಿಸಿ ಬಂದರೆ ಅರ್ಧದಿಂದ ಶುರು ಮಾಡಬೇಕು.

ನಮ್ಮ ಹಳ್ಳಿಗಳಲ್ಲಿ ಈ ಹೊಸಬರು ಯಾರು? ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆ ಬಿಟ್ಟು ಊರಿಗೆ ಬಂದ ಹುಡುಗಿ, ಪರೀಕ್ಷೆ ಮುಗಿಸಿ ನಾಲ್ಕು ಕಾಸು ಸಂಪಾದಿಸಲು ಹೊರಟ ಕಾಲೇಜು ಹುಡುಗ, ಜ್ವರದಿಂದ ಎದ್ದ ಮರುದಿನವೇ ಕೂಲಿ ತಪ್ಪುತ್ತದೆಂದು ಬಂದ ಅಜ್ಜಿ. ಇವರಿಗೆ ಮೊದಲ ದಿನವೇ ಗಟ್ಟಿಗರ ಸಮ ದುಡಿಯಬೇಕೆಂಬ ಹಟ ಇರುತ್ತದೆ. ಕೂಲಿಯನ್ನು ತೋಡಿದ ಮಣ್ಣಿನ ಅಳತೆಯ ಮೇಲೆ ಲೆಕ್ಕ ಹಾಕುವ ಕಡೆ ಗುಂಪಿನ ಇತರರಿಗೂ ಆತುರ. ಇಂಥವರಿಗೆ ಮೊದಲ ವಾರ ನೀರು ಹಂಚುವ, ಮಕ್ಕಳನ್ನು ನೋಡಿಕೊಳ್ಳುವ ಹಗುರ ಕೆಲಸ ಕೊಟ್ಟು ನಡುನಡುವೆ ಸಲಿಕೆ ಹಿಡಿಸಿದರೆ ಗುಂಪಿಗೆ ನಷ್ಟವಿಲ್ಲ.

ಇವರಲ್ಲದೆ 60 ದಾಟಿದವರು, ಬಸುರಿಯರು, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಮಾನಸಿಕ ಕಾಯಿಲೆಗೆ ಔಷಧ ಸೇವಿಸುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಬೇಸಿಗೆಯ ಕೆಲಸಕ್ಕೆ ಹೋಗುವ ಮೊದಲು ವೈದ್ಯರನ್ನು ಕೇಳಬೇಕು. ಹಿಂದಿನ ರಾತ್ರಿ ಕುಡಿದವರು ಬೆಳಿಗ್ಗೆ ಬರುವಾಗಲೇ ದೇಹದಲ್ಲಿ ನೀರಿನ ಕೊರತೆ ಇಟ್ಟುಕೊಂಡು ಬರುತ್ತಾರೆ. ಅವರು ಅಂದು ಬಿಸಿಲಿಗೆ ಇಳಿಯದಿರುವುದೇ ಲೇಸು.

ಲಕ್ಷಣಗಳನ್ನು ಗುರುತಿಸಿ

ಬಿಸಿಲಿನ ಹಾನಿ ಸಾಮಾನ್ಯವಾಗಿ ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ಸ್ನಾಯು ಸೆಳೆತ. ಮೀನಖಂಡ, ತೊಡೆ, ಹೊಟ್ಟೆಯ ಸ್ನಾಯುಗಳು ಹಿಡಿದುಕೊಂಡು ನೋಯುತ್ತವೆ. ನೆರಳಿಗೆ ಬಂದು, ನೀರು ಮಜ್ಜಿಗೆ ಅಥವಾ ಓಆರ್‌ಎಸ್ ಕುಡಿದು, ಸ್ನಾಯುವನ್ನು ಮೆಲ್ಲಗೆ ನೀವಿದರೆ ಹೋಗುತ್ತದೆ. ಅಂದು ಮತ್ತೆ ಗಟ್ಟಿ ಕೆಲಸ ಬೇಡ.

ಎರಡನೆಯದು ಬಿಸಿಲಿನ ಬಳಲಿಕೆ. ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ನಿಶ್ಶಕ್ತಿ, ಓಡುವ ನಾಡಿ. ಆದರೆ ಬುದ್ಧಿ ಸ್ಥಿಮಿತದಲ್ಲಿರುತ್ತದೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ಇವರನ್ನು ನೆರಳಿನಲ್ಲಿ ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಹಾಕಿ, ಗುಟುಕು ಗುಟುಕಾಗಿ ಕುಡಿಸಬೇಕು. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳದಿದ್ದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೆಯದು ಬಿಸಿಲಾಘಾತ. ಇದು ಪ್ರಾಣಾಂತಕ. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ (104 ಡಿಗ್ರಿ ಫ್ಯಾರನ್‌ಹೀಟ್) ದಾಟಿ ಮಿದುಳು ಕೆಡಲಾರಂಭಿಸುತ್ತದೆ. ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಅಸಂಬದ್ಧ ಮಾತು, ವಿನಾಕಾರಣ ಸಿಟ್ಟು, ಫಿಟ್ಸ್, ಕೊನೆಗೆ ಪ್ರಜ್ಞೆ ತಪ್ಪುವುದು. ಬಿಸಿಲಾಘಾತವಾದರೆ ಬೆವರು ನಿಂತು ಮೈ ಒಣಗಿರುತ್ತದೆ ಎಂದು ಅನೇಕರು ನಂಬಿದ್ದಾರೆ. ಮನೆಯಲ್ಲಿ ಕುಳಿತ ವೃದ್ಧರಲ್ಲಿ ಹೀಗಾಗಬಹುದು. ಆದರೆ ದುಡಿಯುತ್ತಿದ್ದವರಲ್ಲಿ ಬೆವರು ಹರಿಯುತ್ತಲೇ ಇರಬಹುದು. ಬೆವರನ್ನು ನೋಡಿ ಮೋಸ ಹೋಗಬೇಡಿ. ಬುದ್ಧಿಯನ್ನು ನೋಡಿ.

ಇಲ್ಲಿ ಎಲ್ಲರೂ ನೆನಪಿಡಬೇಕಾದ ಸಂಗತಿ ಒಂದಿದೆ. ಬಿಸಿಲಾಘಾತವಾಗುತ್ತಿರುವವರಿಗೆ ಅದು ತಿಳಿಯುವುದಿಲ್ಲ. ತಿಳಿಯಬೇಕಾದ ಮಿದುಳೇ ಮೊದಲು ಮಂಕಾಗುತ್ತದೆ. "ಏನೂ ಇಲ್ಲ ಬಿಡಿ ಅಕ್ಕ, ಇದೊಂದು ಗುಂಡಿ ಮುಗಿಸಿ ಬರ್ತೀನಿ" ಎಂದು ಹೇಳುತ್ತಲೇ ಕುಸಿಯುತ್ತಾರೆ. ಕಂಡುಹಿಡಿಯಬೇಕಾದವರು ಪಕ್ಕದವರು. ಆದ್ದರಿಂದ ಇಬ್ಬಿಬ್ಬರು ಜೋಡಿಯಾಗಿ ಕೆಲಸ ಮಾಡಬೇಕು. ಅರ್ಧ ಗಂಟೆಗೊಮ್ಮೆ ಒಬ್ಬರ ಮುಖವನ್ನು ಒಬ್ಬರು ನೋಡಿ ಮಾತನಾಡಿಸಬೇಕು. ಅನುಮಾನ ಬಂದರೆ "ಇವತ್ತು ಯಾವ ವಾರ? ನಿನ್ನ ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀಯ?" ಎಂದು ಕೇಳಿ. ಉತ್ತರ ತಡವರಿಸಿದರೆ ಸಲಿಕೆಯನ್ನು ಕೈಯಿಂದ ಕಿತ್ತುಕೊಂಡು ನೆರಳಿಗೆ ಕರೆತನ್ನಿ.

ಮೊದಲು ತಂಪು, ಆಮೇಲೆ ಆಸ್ಪತ್ರೆ

ಯಾರಾದರೂ ಕುಸಿದು ಬಿದ್ದರೆ ನಮ್ಮಲ್ಲಿ ಸಾಮಾನ್ಯವಾಗಿ ಆಗುವುದೇನು? ಹತ್ತು ಜನ ಸುತ್ತುವರಿದು ಗಾಳಿ ತಡೆಯುತ್ತಾರೆ. ಒಬ್ಬರು ಬಾಯಿಗೆ ನೀರು ಸುರಿಯುತ್ತಾರೆ. ಆಮೇಲೆ ಆಟೋ ಹುಡುಕಿ, ಬಿಸಿ ಮೈಯನ್ನು ಹಾಗೆಯೇ ತುಂಬಿಕೊಂಡು ಹೊಸದುರ್ಗದ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಓಡುತ್ತಾರೆ. ಆ ದಾರಿಯ ಸಮಯವೇ ಜೀವ ಕಳೆಯುವ ಸಮಯ. ಬಿಸಿಲಾಘಾತದಲ್ಲಿ ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾದರೆ ಬದುಕುವ ಸಂಭವ ಬಹಳ ಹೆಚ್ಚು. ತಡವಾದಷ್ಟೂ ಮಿದುಳು, ಮೂತ್ರಪಿಂಡ, ಪಿತ್ತಜನಕಾಂಗಗಳಿಗೆ ಹಾನಿ.

ಮಾಡಬೇಕಾದದ್ದು ಇಷ್ಟು. ಒಬ್ಬರು 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಲಿ. ಉಳಿದವರು ಅಷ್ಟರಲ್ಲಿ ಬಿದ್ದವರನ್ನು ನೆರಳಿಗೆ ತಂದು, ಮೇಲಿನ ಬಟ್ಟೆ ತೆಗೆದು ಅಥವಾ ಸಡಿಲಿಸಿ, ಇರುವ ನೀರನ್ನೆಲ್ಲ ತಲೆಯಿಂದ ಕಾಲಿನವರೆಗೆ ಸುರಿಯಲಿ. ಟ್ಯಾಂಕರ್ ಇದ್ದರೆ ಅದರ ಕೊಳವೆಯಡಿಯೇ ಹಿಡಿಯಬಹುದು. ಒದ್ದೆ ಸೀರೆ, ಪಂಚೆ ಹೊದಿಸಿ, ಬಿಸಿಯಾದೊಡನೆ ಮತ್ತೆ ಒದ್ದೆ ಮಾಡಿ, ಮೊರದಿಂದಲೋ ಟವೆಲಿನಿಂದಲೋ ಬಿಡದೆ ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಇಡಬೇಕು. ಪ್ರಜ್ಞೆ ಇಲ್ಲದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ವಾಹನದಲ್ಲಿ ಸಾಗಿಸುವಾಗಲೂ ಒದ್ದೆ ಬಟ್ಟೆ, ಗಾಳಿ ಮುಂದುವರಿಯಬೇಕು.

ಮಾಡಬಾರದ್ದು: ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆ ಕೊಡಬಾರದು. ಇದು ಜ್ವರವಲ್ಲ, ಪ್ಯಾರಾಸಿಟಮಾಲ್, ಆಸ್ಪಿರಿನ್‌ಗಳಿಂದ ಈ ಬಿಸಿ ಇಳಿಯದು, ಹಾನಿಯೇ ಹೆಚ್ಚು. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದರಲ್ಲಿ ಅಮೂಲ್ಯ ನಿಮಿಷಗಳನ್ನು ಕಳೆಯಬಾರದು.

ಬೆನ್ನು ಮತ್ತು ಹೃದಯ

ಒಂದು ಸಲಿಕೆ ಹಸಿ ಹೂಳು ನಾಲ್ಕು ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಎಂಟು ಬಾರಿ ಎತ್ತಿದರೆ ಗಂಟೆಗೆ ಸುಮಾರು ಎರಡು ಟನ್ ಮಣ್ಣು ಆ ಬೆನ್ನಿನ ಮೇಲೆ ಹಾದುಹೋಗುತ್ತದೆ. ಹಿಮದ ನಾಡಿನಲ್ಲಿ ಹೇಳಿಕೊಡುವ ಪಾಠ ಇಲ್ಲಿಗೂ ಹೊಂದುತ್ತದೆ. ಸಲಿಕೆಯನ್ನು ಅರ್ಧ ಮಾತ್ರ ತುಂಬಿ. ಸೊಂಟ ಬಗ್ಗಿಸುವ ಬದಲು ಮಂಡಿ ಬಗ್ಗಿಸಿ. ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ಸೊಂಟ ತಿರುಚಿ ಹಿಂದಕ್ಕೆ ಎಸೆಯಬೇಡಿ. ಪಾದಗಳನ್ನೇ ಆ ಕಡೆಗೆ ತಿರುಗಿಸಿ. ತಲೆಯ ಮೇಲೆ ಮಣ್ಣು ಹೊರುವವರು ಸಿಂಬಿ ಇಲ್ಲದೆ ಹೊರಬಾರದು. ಬಾಂಡಲಿಯನ್ನು ಇಬ್ಬರು ಸೇರಿ ಎತ್ತಿಕೊಡಬೇಕು. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವ ಹಳೆಯ ಪದ್ಧತಿ ಏರಿ ಹತ್ತಿ ಇಳಿಯುವುದಕ್ಕಿಂತ ಉತ್ತಮ. ಅಗೆಯುವವರು, ತುಂಬುವವರು, ಹೊರುವವರು ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳಲಿ.

ಸಲಿಕೆಯ ಕೆಲಸದಲ್ಲಿ ಉಸಿರು ಬಿಗಿಹಿಡಿದು ಎತ್ತುವುದರಿಂದ ರಕ್ತದೊತ್ತಡ ತಟ್ಟನೆ ಏರುತ್ತದೆ. ಚಳಿಯಲ್ಲಿ ರಕ್ತನಾಳಗಳು ಕುಗ್ಗಿ ಹೃದಯಕ್ಕೆ ಹೊರೆಯಾಗುತ್ತದೆ. ಬಿಸಿಲಿನಲ್ಲಿ ನೀರು ಬತ್ತಿ ರಕ್ತ ಕಡಿಮೆಯಾಗಿ, ಚರ್ಮಕ್ಕೂ ಸ್ನಾಯುವಿಗೂ ಒಟ್ಟಿಗೆ ರಕ್ತ ಕಳಿಸಬೇಕಾಗಿ ಹೃದಯಕ್ಕೆ ಹೊರೆಯಾಗುತ್ತದೆ. ದಾರಿ ಬೇರೆ, ಪೆಟ್ಟು ಒಂದೇ. ಎದೆ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಂಡರೆ "ಗ್ಯಾಸ್ಟ್ರಿಕ್" ಎಂದು ಸೋಡಾ ಕುಡಿದು ಸುಮ್ಮನಿರಬೇಡಿ. ಬೀಡಿ, ಸಿಗರೇಟು, ಗುಟ್ಕಾ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತವೆ.

ಅಮೆರಿಕ, ಕೆನಡಾಗಳಲ್ಲಿರುವ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋಗುವ ನಮ್ಮ ಹಿರಿಯರಿಗೂ ಇದೇ ಮಾತು. ಮಗ ಆಫೀಸಿಗೆ ಹೋದ ಮೇಲೆ ಸುಮ್ಮನೆ ಕೂರಲಾರದೆ, ಊರಿನಲ್ಲಿ ತೋಟ ಅಗೆದ ಧೈರ್ಯದಿಂದ ಹಿಮದ ಸಲಿಕೆ ಹಿಡಿಯುವ ಅಪ್ಪಂದಿರು ಇದ್ದಾರೆ. ಅವರಿಗೆ ಆ ಚಳಿಯ ಅಭ್ಯಾಸವಿಲ್ಲ. ರಕ್ತದೊತ್ತಡ, ಹೃದ್ರೋಗ ಇದ್ದರಂತೂ ಆ ಸಲಿಕೆಯನ್ನು ಮುಟ್ಟಲೇಬಾರದು.

ಕಡಿದ ದಿಬ್ಬದ ನೆರಳು ನೆರಳಲ್ಲ

ಕೆರೆಯಂಗಳದಲ್ಲಿ ಮರವಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹುಡುಕುವುದು ಕಡಿದ ಮಣ್ಣಿನ ಗೋಡೆಯ ಪಕ್ಕದ ನೆರಳು. ಅದರಷ್ಟು ಅಪಾಯದ ಜಾಗ ಮತ್ತೊಂದಿಲ್ಲ. ಹೂಳು ಒಣಗಿ ಬಿರುಕು ಬಿಟ್ಟಿರುತ್ತದೆ. ಬೇಗ ಅಳತೆ ಮುಗಿಸಲು ಕೆಲವರು ಬುಡದಲ್ಲಿ ಕೊರೆದು ಮೇಲಿನದನ್ನು ಉರುಳಿಸುತ್ತಾರೆ. ಮೇಲೆ ಟ್ರ್ಯಾಕ್ಟರ್ ಓಡಾಡಿದರೂ ಸಾಕು, ಗೋಡೆ ಕುಸಿಯುತ್ತದೆ.

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಕಾವಲು ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಅಷ್ಟು ದಿನ ಉಳಿದುದೇ ಅಪರೂಪದ ಸಂಗತಿ. ಮಣ್ಣಿನಡಿ ಸಿಕ್ಕವರಿಗೆ ದಿನಗಳಿರಲಿ, ಗಂಟೆಗಳ ಅವಕಾಶವೂ ಇರುವುದಿಲ್ಲ. ಒಂದು ಘನ ಮೀಟರ್ ಹೊಸ ಹಿಮ ನೂರು ಕಿಲೋ ಆಸುಪಾಸು ಇದ್ದರೆ ಅಷ್ಟೇ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು. ಎದೆಯವರೆಗೆ ಹೂತರೂ ಉಸಿರಾಡಲು ಎದೆ ಹಿಗ್ಗದೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು.

ಆದ್ದರಿಂದ ಗೋಡೆಯಂತೆ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಅಥವಾ ಇಳಿಜಾರಾಗಿ ಕಡಿಯಬೇಕು. ಬುಡ ಕೊರೆಯಬಾರದು. ತೆಗೆದ ಮಣ್ಣನ್ನು ಅಂಚಿನಲ್ಲಿಯೇ ಸುರಿಯಬಾರದು. ಊಟ, ವಿಶ್ರಾಂತಿ, ಮಕ್ಕಳ ತೊಟ್ಟಿಲು ಎಲ್ಲವೂ ಬೇರೆ ಕಡೆ ಕಟ್ಟಿದ ಚಪ್ಪರದಡಿಯಲ್ಲಿ ಇರಲಿ. ಜೆಸಿಬಿ ಇರುವಲ್ಲಿ ಅದರ ತೋಳು ತಿರುಗುವಷ್ಟು ದೂರದೊಳಗೆ ಯಾರೂ ನಿಲ್ಲಬಾರದು. ಹೀಗೆ ಇಳಿಜಾರು ಬಿಟ್ಟರೆ ಮಳೆಗಾಲದಲ್ಲಿ ಇನ್ನೊಂದು ಜೀವವೂ ಉಳಿಯುತ್ತದೆ. ನೆಟ್ಟಗೆ ಕಡಿದ ಗುಂಡಿಗಳಲ್ಲಿ ನೀರು ತುಂಬಿದಾಗ ಈಜಲು ಇಳಿದ ಮಕ್ಕಳಿಗೆ ಆಳ ತಿಳಿಯುವುದಿಲ್ಲ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಸಂಜೆಯ ಗುಡುಗನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳ ಮಳೆ ಸಿಡಿಲಿನೊಡನೆ ಬರುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯುವಷ್ಟು ಹತ್ತಿರವಿದೆ ಎಂದು ಅರ್ಥ. ಗುದ್ದಲಿ, ಹಾರೆ ಅಲ್ಲಿಯೇ ಬಿಟ್ಟು ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ. ಏರಿಯ ಮೇಲೆ, ಒಂಟಿ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಿರಿ. ಸಿಡಿಲು ಬಡಿದವರನ್ನು ಮುಟ್ಟಿದರೆ ವಿದ್ಯುತ್ ಹೊಡೆಯುವುದಿಲ್ಲ, ಧೈರ್ಯವಾಗಿ ನೆರವಾಗಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಒತ್ತುತ್ತಿರಬೇಕು.

ಕೇಳಿ ಪಡೆಯಬೇಕಾದದ್ದು

2005ರ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಮೊದಲ ಹಂತದ 200 ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. ಆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿಯೇ ಕೆಲಸದ ಸ್ಥಳದಲ್ಲಿ ಶುದ್ಧ ಕುಡಿಯುವ ನೀರು, ಮಕ್ಕಳಿಗೆ ನೆರಳು, ವಿಶ್ರಾಂತಿಯ ಅವಧಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಬರೆಯಲಾಗಿತ್ತು. ಕೆಲಸದಲ್ಲಿ ಗಾಯಗೊಂಡವರಿಗೆ ಉಚಿತ ಚಿಕಿತ್ಸೆ, ಆಸ್ಪತ್ರೆಗೆ ಸೇರಿಸಬೇಕಾದರೆ ಕೂಲಿಯ ಅರ್ಧಕ್ಕೆ ಕಡಿಮೆಯಿಲ್ಲದ ದಿನಭತ್ಯೆಯ ಮಾತೂ ಇತ್ತು. ಯೋಜನೆಗಳ ಹೆಸರು, ನಿಯಮ ಕಾಲಕಾಲಕ್ಕೆ ಬದಲಾಗುತ್ತವೆ. ಮನುಷ್ಯನ ಮೈ ಬದಲಾಗುವುದಿಲ್ಲ. ಕೆಲಸ ಸರ್ಕಾರದ್ದಾಗಲಿ, ಗುತ್ತಿಗೆದಾರರದ್ದಾಗಲಿ, ಊರಿನವರೇ ಸೇರಿ ಮಾಡುವ ಶ್ರಮದಾನವಾಗಲಿ, ಈ ನಾಲ್ಕು ಇಲ್ಲದೆ ಶುರುವಾಗಬಾರದು. ಇದು ಭಿಕ್ಷೆಯಲ್ಲ.

ಗುಂಪಿನ ಮುಂದಾಳು, ನಮ್ಮ ರಾಜ್ಯದಲ್ಲಿ ಕಾಯಕ ಬಂಧು ಎಂದು ಕರೆಸಿಕೊಂಡವರು, ಈ ಕೆಲಸಗಳನ್ನು ನೋಡಿಕೊಳ್ಳಬಹುದು. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದರೊಳಗೆ ಮುಗಿಸುವುದು. ಉಳಿದರೆ ಸಂಜೆ ನಾಲ್ಕರ ಮೇಲೆ. ಗಂಟೆಗೊಮ್ಮೆ ಎಲ್ಲರನ್ನೂ ನೆರಳಿಗೆ ಕರೆಯುವುದು, ಬಿಸಿಲು ಏರಿದಂತೆ ವಿರಾಮವನ್ನು ಉದ್ದ ಮಾಡುವುದು. ಹೊಸಬರು ಯಾರು, ಕಾಯಿಲೆಯವರು ಯಾರು ಎಂದು ತಿಳಿದಿರುವುದು. ಬರಿ ಕುಡಿಯಲು ಮಾತ್ರವಲ್ಲದೆ, ಮೈಗೆ ಸುರಿಯಲೂ ಎರಡು ಡ್ರಮ್ ನೀರು ಮೀಸಲಿಡುವುದು.

ಮನೆಯವರ ಪಾಲೂ ಇದೆ. ಕೆಲಸಕ್ಕೆ ಹೊರಡುವವರಿಗೆ ತಿಳಿ ಬಣ್ಣದ, ತೋಳುದ್ದದ ಸಡಿಲ ಹತ್ತಿ ಬಟ್ಟೆ, ತಲೆಗೆ ಟವೆಲು, ಕಾಲಿಗೆ ಚಪ್ಪಲಿಗಿಂತ ಬೂಟು ಇರಲಿ. ಬುತ್ತಿಯ ಜೊತೆ ಒಂದು ಬಾಟಲಿ ಮಜ್ಜಿಗೆ ಕಟ್ಟಿಕೊಡಿ. ಸಂಜೆ ಬಂದವರಿಗೆ ಮೊದಲು ನೀರು ಕೊಟ್ಟು, ಮೂತ್ರ ಸರಿಯಾಗಿ ಹೋಯಿತೇ, ತಲೆನೋವು ಇದೆಯೇ ಎಂದು ಕೇಳಿ. ರಾತ್ರಿ ತಂಪಾದ ಜಾಗದಲ್ಲಿ ಮಲಗಿಸಿ. ಹಗಲಿನ ಬಿಸಿ ಇಳಿಯುವುದು ರಾತ್ರಿಯ ನಿದ್ದೆಯಲ್ಲಿಯೇ. ಮರುದಿನ ಬೆಳಿಗ್ಗೆಯೂ ಸುಸ್ತು ಹೋಗಿಲ್ಲವೆಂದರೆ ಅಂದು ಕೆಲಸಕ್ಕೆ ಕಳಿಸಬೇಡಿ. ಒಂದು ದಿನದ ಕೂಲಿ ಹೋದರೆ ಮತ್ತೆ ಸಂಪಾದಿಸಬಹುದು.

ಮಳೆ ಬಂದಾಗ ಕೆರೆ ತುಂಬುತ್ತದೆ. ಅದನ್ನು ತೋಡಿದವರೆಲ್ಲರೂ ಏರಿಯ ಮೇಲೆ ನಿಂತು ಆ ನೀರನ್ನು ನೋಡುವಂತಾಗಬೇಕು.